ಗೂಟಪ್ಪನ ಉಪ್ಪು

ಎಳ್ಳಮವಾಸ್ಯೆಯ ದಿನ ಮಧ್ಯಾಹ್ನ ಒಂದೂವರೆಯಿಂದ ಮೂರರ ಒಳಗೆ ಜೋಡಬೇವನಾಳದ ಇನ್ನೂರಾ ಹನ್ನೆರಡು ಹೊಲಗಳಿಗೆ ಉಪ್ಪು ಹತ್ತಿತು. ನಾನು ಮಣ್ಣು ಓದಿದವಳು. ಎರೆಭೂಮಿ ಉಪ್ಪು ಹತ್ತಿ ಸವುಳಾಗಬೇಕಾದರೆ ಹದಿನೈದು ಇಪ್ಪತ್ತು ವರ್ಷ ತಪ್ಪಾಗಿ ನೀರು ಹಾಯಿಸಬೇಕು. ಇಲ್ಲಿ ಒಂದೂವರೆ ತಾಸು ಸಾಕಾಗಿತ್ತು, ಅದೂ ಹಬ್ಬದ ಊಟದ ಹೊತ್ತಿನಲ್ಲಿ. ಹೊಲಗಳಿಗೆ ನೀರು ಹಂಚುವ ನಮ್ಮ ಕಚೇರಿಯ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ನೀಲಿ ಚೌಕಗಳು ಒಂದೊಂದಾಗಿ ಬೆಳ್ಳಗಾಗುವುದನ್ನು ನಾನು ನಿಂತು ನೋಡಿದೆ. ನೀಲಿ ಎಂದರೆ ಈ ಹೊಲಕ್ಕೆ ನೀರು ಸಾಲದು, ಕೊಡಿ ಎಂದರ್ಥ. ಬಿಳಿ ಎಂದರೆ ಉಪ್ಪಿದೆ, ವಾಲ್ ಮುಚ್ಚಿ ಎಂದರ್ಥ. ಮುಚ್ಚಿದರೆ ಚೌಕ ಮತ್ತೆ ನೀಲಿಯಾಗುವವರೆಗೂ ತೆರೆಯುವುದಿಲ್ಲ.

ಮರುದಿನ ಬೆಳಗ್ಗೆಯಿಂದ ಆ ಊರಿನ ನೀರಿನ ಪಾಳಿ ಇತ್ತು.

ನಮ್ಮ ನಿರ್ದೇಶಕರು ಡಾ. ಸತ್ಯವ್ರತ. ಸಿಟ್ಟಾಗದ ಮನುಷ್ಯ. ಅವರ ಈ ಗುಣ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಹಾ ಲೋಟ ಹಿಡಿದುಕೊಂಡೇ ಪರದೆ ನೋಡಿದರು.

"ಉಪ್ಪು ಬಂದಿದೆ," ಎಂದರು, ಮನೆಗೆ ನೆಂಟರು ಬಂದಿದ್ದಾರೆ ಎನ್ನುವ ಹಾಗೆ.

"ಸರ್, ಒಂದೂವರೆ ತಾಸಿನಲ್ಲಿ ಹೇಗೆ ಬರುತ್ತೆ? ಏನೋ ತಪ್ಪಾಗಿದೆ."

"ಒಂದು ಗೂಟ ಕೆಟ್ಟಿದ್ದರೆ ತಪ್ಪು ಅನ್ನಬಹುದು. ಇನ್ನೂರಾ ಹನ್ನೆರಡೂ ಒಂದೇ ಮಾತು ಹೇಳ್ತಿವೆ. ನೆಲ ಸುಳ್ಳು ಹೇಳೋದಿಲ್ಲ, ಇಂದುಮತಿಯವರೇ."

"ಹೇಳ್ತಿರೋದು ನೆಲ ಅಲ್ಲ ಸರ್, ಗೂಟ."

ಅವರು ನಕ್ಕು ತಮ್ಮ ಕೋಣೆಗೆ ಹೋದರು.

ಈ ಗೂಟದ ಕಥೆ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನೆಟ್ಟವಳು ನಾನೇ. ಬೆಳೆಯ ವಿಷಯದಲ್ಲಿ ಒಂದು ಹಳೆಯ ನಿಯಮವಿದೆ. ಗಿಡಕ್ಕೆ ಬೇಕಾದ್ದು ಹತ್ತು ಇರಲಿ, ಹನ್ನೆರಡು ಇರಲಿ, ಅದರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದೇ ಬೆಳೆಯನ್ನು ತಡೆದು ನಿಲ್ಲಿಸುತ್ತದೆ. ನೀರು ಸಾಲದ ಹೊಲಕ್ಕೆ ಗೊಬ್ಬರ ಸುರಿದರೆ ಗೊಬ್ಬರ ದಂಡ. ಸಾರಜನಕ ಸಾಲದ ಹೊಲಕ್ಕೆ ನೀರು ಹಾಯಿಸಿದರೆ ನೀರು ದಂಡ. ಪ್ರತಿ ಹೊಲದಲ್ಲೂ ಆ ಒಂದು ಕೊರತೆ ಯಾವುದೆಂದು ಗಳಿಗೆ ಗಳಿಗೆಗೂ ಗೊತ್ತಾಗುವ ಹಾಗಿದ್ದರೆ? ಅದನ್ನೊಂದನ್ನೇ ಕೊಟ್ಟು, ಉಳಿದದ್ದನ್ನು ಬೇಕಾದವರಿಗೆ ಉಳಿಸುವ ಹಾಗಿದ್ದರೆ? ಈ ಆಸೆಗೆ ಬಿದ್ದು ನಾವು ಒಂಬತ್ತು ವರ್ಷ ದುಡಿದೆವು. ಕೊನೆಗೆ ತಯಾರಾದದ್ದು ಐದು ಅಡಿ ಉದ್ದದ ಬಿಳಿ ಗೂಟ. ಮೂರು ಅಡಿ ನೆಲದೊಳಗೆ, ಎರಡು ಅಡಿ ಮೇಲೆ. ನೆಲದೊಳಗಿನ ಭಾಗಕ್ಕೆ ನಾಲ್ಕು ತಾಮ್ರದ ಉಂಗುರ. ಒಂದು ಉಂಗುರದಿಂದ ಇನ್ನೊಂದಕ್ಕೆ ಮಣ್ಣಿನ ಮೂಲಕ ಸಣ್ಣ ವಿದ್ಯುತ್ತು ಹರಿಯುತ್ತದೆ. ಹಸಿ ಮಣ್ಣಿನಲ್ಲಿ ಒಂದು ತರ, ಒಣ ಮಣ್ಣಿನಲ್ಲಿ ಒಂದು ತರ, ಉಪ್ಪಿದ್ದರಂತೂ ಸಲೀಸಾಗಿ ಓಡುತ್ತದೆ. ಮೇಲಿನ ಟೋಪಿ ಗಾಳಿಯ ಶಾಖ, ಇಬ್ಬನಿ ಅಳೆಯುತ್ತದೆ. ಎಲ್ಲವನ್ನೂ ಕೂಡಿಸಿ ಕಚೇರಿಯ ಗಣಕ ಒಂದೇ ಒಂದು ಶಬ್ದದ ತೀರ್ಪು ಕೊಡುತ್ತದೆ.

ಹೊಲಕ್ಕೊಂದು ಗೂಟ. ಅದನ್ನು ನಡುವೆ ನೆಟ್ಟರೆ ಕೂರಿಗೆಗೂ ಕುಂಟೆಗೂ ಅಡ್ಡ ಬರುತ್ತದೆ, ಮುರಿಯುತ್ತದೆ. ಹಾಗಾಗಿ ಎಲ್ಲವನ್ನೂ ಒಡ್ಡಿನ ಮೂಲೆಯಿಂದ ಮೂರು ಹೆಜ್ಜೆ ಒಳಗೆ ನೆಟ್ಟೆವು. ಆ ನಕ್ಷೆಯ ಕೆಳಗಿನ ಸಹಿ ನನ್ನದೇ.

ಜೋಡಬೇವನಾಳ ಬಿಳಿಜೋಳದ ಊರು. ಮಾರಾಟಕ್ಕಲ್ಲ, ಉಣ್ಣಲಿಕ್ಕೆ. ಬೆಳೆದ ಜೋಳ ನೆಲದೊಳಗಿನ ಕಣಜವಾದ ಹಗೇವಿನಿಂದ ಬೀಸುಕಲ್ಲಿಗೆ, ಬೀಸುಕಲ್ಲಿನಿಂದ ತವೆಗೆ. ಹಿಂದೆಲ್ಲ ಹಿಂಗಾರಿ ಜೋಳಕ್ಕೆ ನೀರು ಯಾರು ಹಾಯಿಸುತ್ತಿದ್ದರು? ಭಾದ್ರಪದದ ಮಳೆ ಕುಡಿದ ಎರೆಮಣ್ಣು ಆ ಹಸಿಯನ್ನು ಸಂಕ್ರಾಂತಿ ದಾಟುವ ತನಕ ಹಿಡಿದಿಡುತ್ತಿತ್ತು. ಮೇಲಿನಿಂದ ಇಬ್ಬನಿ. ಅದಕ್ಕೇ ಬೆಳೆ ಬರುತ್ತಿತ್ತು. ಈಗ ರಾತ್ರಿಗಳು ಬೆಚ್ಚಗಾಗಿವೆ. ಗಿಡ ಹಗಲಲ್ಲಿ ಬಿಸಿಲಿನಿಂದ ಮಾಡಿಕೊಂಡ ಸಕ್ಕರೆಯನ್ನು ರಾತ್ರಿ ಉಸಿರಾಡುತ್ತ ಒಂದಿಷ್ಟು ಸುಡುತ್ತದೆ. ಚಳಿಯಿದ್ದರೆ ಕಡಿಮೆ ಸುಡುತ್ತದೆ, ಸೆಖೆಯಿದ್ದರೆ ದುಪ್ಪಟ್ಟು. ಇಬ್ಬನಿಯಂತೂ ಬೀಳುವುದೇ ಇಲ್ಲ. ಮಾಘದವರೆಗೆ ಇರುತ್ತಿದ್ದ ಹಸಿ ಎಳ್ಳಮವಾಸ್ಯೆಗೇ ಆರಿ ನೆಲ ಅಂಗೈಯಗಲ ಬಿರಿಯುತ್ತದೆ. ತೆನೆಯಲ್ಲಿ ಹಾಲು ತುಂಬುವ ಆ ಎಂಟು ಹತ್ತು ದಿನದೊಳಗೆ ಒಂದೇ ಒಂದು ನೀರು ಸಿಕ್ಕರೆ ಕಾಳು ಗಟ್ಟಿ. ಸಿಗದಿದ್ದರೆ ಜೊಳ್ಳು. ಊರಿಗೆ ನಮ್ಮ ಪೈಪು ಬಂದದ್ದು ಈ ಒಂದು ನೀರಿಗೆ. ಹೋದ ವರ್ಷ ಮೊದಲ ಸಲ ಕೊಟ್ಟೆವು, ಹಗೇವು ತುಂಬಿದವು.

ಮರುದಿನ ಬೆಳಗ್ಗೆ ನಾನು ಊರಿನಲ್ಲಿದ್ದೆ. ಇಳಿದದ್ದು ಶಾವಂತ್ರವ್ವ ಆಯಿಯ ಮನೆಯ ಮುಂದೆ. ಗೂಟ ನೆಡುವಾಗ ಎರಡು ತಿಂಗಳು ಆ ಮನೆಯ ಪಡಸಾಲೆಯಲ್ಲೇ ಇದ್ದೆ. ಎಪ್ಪತ್ತು ದಾಟಿದ ಮುದುಕಿ, ನಾಲ್ಕು ಎಕರೆ ಎರೆಹೊಲವನ್ನು ಮಗಳ ಜೊತೆ ತಾನೇ ಮಾಡುತ್ತಾಳೆ. ಮೊದಲು ಮೇಡಂ ಎನ್ನುವ ಹಾಗೆ ಬಾಯಾರ ಎನ್ನುತ್ತಿದ್ದವಳು ಎಂಟು ದಿನಕ್ಕೆ ಇಂದವ್ವ ಎನ್ನಲು ಹತ್ತಿದಳು.

"ಬಾ ನನ್ನವ್ವಾ, ಹಬ್ಬಕ್ಕ ಬಾ ಅಂದ್ರ ಬರಲಿಲ್ಲ. ಸಜ್ಜಿ ಕಡಬು ಇಟ್ಟೀನಿ ನಿನಗ, ಕೈಕಾಲು ತೊಕ್ಕೊ."

"ಆಯಿ, ಕಡಬು ಆಮ್ಯಾಲೆ. ನಿನ್ನೆ ಹೊಲದಾಗ ಏನ ಮಾಡೀರಿ?"

"ಏನ ಮಾಡತಾರ ಎಳ್ಳಮಾಸಿಗಿ? ಭೂಮ್ತಾಯಿಗಿ ಎಡಿ ಅಂತ ಚರಗಾ ಚೆಲ್ಲಿದಿವಿ. ಪಾಂಡವರ ಪೂಜಿ ಮಾಡಿದಿವಿ. ಉಂಡಿವಿ."

"ಪಾಂಡವರನ್ನ ಎಲ್ಲಿ ಇಟ್ಟಿದ್ರಿ?"

ಆಯಿ ನನ್ನ ಮುಖ ನೋಡಿದಳು. ನಾನು ಯಾಕೆ ಕೇಳುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ. "ಗೂಟಪ್ಪನ ಬುಡಕ್ಕ," ಎಂದಳು.

ಹೊಲಕ್ಕೆ ಹೋದೆವು. ಮೂಲೆಯ ಬಿಳಿ ಗೂಟಕ್ಕೆ ವಿಭೂತಿ ಪಟ್ಟೆ, ಕುಂಕುಮ, ಒಂದು ಖಣದ ತುಂಡು, ಚೆಂಡುಹೂವಿನ ಸರ. ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು. ಹಿಂದೆ ಬನ್ನಿಗಿಡದ ಕೆಳಗೆ ಕೂಡುತ್ತಿದ್ದ ಪಾಂಡವರು ಗೂಟದ ಕೆಳಗೆ ಬಂದಿದ್ದರು. ಅಂಬಲಿ ಸುರಿದ ಗುರುತು, ಮಜ್ಜಿಗೆಯ ಕಲೆ, ಪುಂಡಿಪಲ್ಯ, ಎಲೆಯ ಮೇಲೆ ಅರ್ಧ ಕರಗಿದ ಹಿಡಿ ಉಪ್ಪು. ಗೂಟದ ಸುತ್ತ ನೆಲ ಬಿರಿದು ಕೈ ಹೋಗುವಷ್ಟು ಸಂದಿಯಾಗಿತ್ತು. ಹಾಕಿದ್ದೆಲ್ಲ ಆ ಸಂದಿಯಿಂದ ಸೀದಾ ತಾಮ್ರದ ಉಂಗುರಕ್ಕೆ ಇಳಿದಿತ್ತು. ಪಕ್ಕದ ಹೊಲ ನೋಡಿದೆ. ಅಲ್ಲೂ ಹಾಗೇ. ಅದರಾಚೆಯದೂ ಹಾಗೇ.

"ಉಪ್ಪು ಯಾಕ ಇಟ್ರಿ, ಆಯಿ?"

"ಹಬ್ಬಕ್ಕ ಎಲಿ ಹಾಕಿದ ಮ್ಯಾಲೆ ಉಪ್ಪಿಲ್ಲದ ಇಡತಾರೇನು? ಮತ್ತ ಹೋದ ವರ್ಷ ಅಂವಾ ನಮಗ ರೊಟ್ಟಿ ಕೊಟ್ಟಾನ. ನೀನ ಹೇಳಿದ್ದಿ, ಇದು ನಿಮಗ ರೊಟ್ಟಿ ಕೊಡೋ ಗೂಟ, ಚಲೋತ್ನಂಗ ನೋಡಿಕೊಳ್ರಿ ಅಂತ. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನಿ ಅಂತಾರ. ಅದಕ್ಕ ನಾ ಮದಲ ನಮ್ಮನಿ ಉಪ್ಪು ಒಂದು ಹಿಡಿ ಇಟ್ಟು ಅದರ ಮ್ಯಾಲೆ ಮಜ್ಜಿಗಿ ಹಾಕಿದೆ. ನನ್ನ ನೋಡಿ ಎಲ್ಲಾರೂ ಇಟ್ರು."

ಹೌದು, ನಾನೇ ಹೇಳಿದ್ದೆ. ಗುಡಿಯ ಕಟ್ಟೆಯ ಮೇಲೆ ನಿಂತು, ಧ್ವನಿವರ್ಧಕ ಹಿಡಿದು, ದೊಡ್ಡ ಪಂಡಿತಳ ಹಾಗೆ. ಚಪ್ಪಾಳೆ ಬೇರೆ ತಟ್ಟಿಸಿಕೊಂಡಿದ್ದೆ. ರೊಟ್ಟಿ ಕೊಡುವವನನ್ನು ಈ ಜನ ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಹೇಗೆ ಎಂದು ನನಗೆ ಗೊತ್ತಿರಲಿಲ್ಲವೇ? ನಾನೂ ಇಂಡಿ ತಾಲೂಕಿನ ಹಳ್ಳಿಯವಳೇ. ನಮ್ಮವ್ವ ಹೊಸ ಪಂಪ್‌ಸೆಟ್ಟಿಗೂ ಆರತಿ ಬೆಳಗಿದವಳು. ಒಡ್ಡಿನ ಮೂಲೆ ಎಂದರೆ ಪೂಜೆಯ ಜಾಗ ಎಂಬುದು ನಕ್ಷೆ ಬರೆಯುವಾಗ ನನ್ನ ತಲೆಗೆ ಬರಲಿಲ್ಲ. ಓದಿ ಓದಿ ಮರುಳಾದ ಕೂಚುಭಟ್ಟ ಎನ್ನುತ್ತಾರಲ್ಲ, ಅದು ನಾನೇ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಆಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಗೂಟದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಹೊಲದ ನಡುವಿನಿಂದ ಒಂದು ಹೆಂಟೆ ತಂದು, ಚೂರು ಮುರಿದು ನಾಲಗೆಗೆ ಹಚ್ಚಿಕೊಂಡಳು.

"ಸಪ್ಪಗ ಐತಿ," ಎಂದಳು. "ನಿಮ್ಮ ಸಾಹೇಬನ್ನ ಕರಕೊಂಡ ಬಾ. ತಿಂದ ನೋಡ್ಲಿ."

ಸಾಹೇಬರು ಬರಲಿಲ್ಲ. ನಾನೇ ಇಪ್ಪತ್ತು ಹೊಲಗಳ ನಡುವಿನ ಮಣ್ಣು ಅಗೆದು, ಚೀಲ ಕಟ್ಟಿ, ಪ್ರಯೋಗಾಲಯದಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿ ಅಳೆದೆ. ಇಪ್ಪತ್ತರಲ್ಲೂ ಉಪ್ಪಿಲ್ಲ. ಎಲ್ಲದರಲ್ಲೂ ನೀರಿಲ್ಲ. ಹಾಳೆ ಹಿಡಿದು ಸತ್ಯವ್ರತರ ಕೋಣೆಗೆ ಹೋದೆ. ಪಾಂಡವರು, ಅಂಬಲಿ, ಉಪ್ಪು, ಎಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

"ತುಂಬ ಸ್ವಾರಸ್ಯವಾಗಿದೆ," ಎಂದರು. "ಆದರೆ ಕೈಯಲ್ಲಿ ತಂದ ಮಣ್ಣನ್ನು ಗಣಕ ಒಪ್ಪೋದಿಲ್ಲ. ನಾವೇ ಹಾಗೆ ನಿಯಮ ಮಾಡಿದ್ದು. ಒಪ್ಪಿದರೆ ನಾಳೆ ಎಲ್ಲರೂ ತಮಗೆ ಬೇಕಾದ ಮಣ್ಣು ತರ್ತಾರೆ."

"ಹಾಗಾದರೆ ಗೂಟ ಸರಿಸೋಕೆ ಅಪ್ಪಣೆ ಕೊಡಿ. ಎರಡೇ ದಿನದ ಕೆಲಸ."

"ಹಂಗಾಮಿನ ನಡುವೆ ಗೂಟ ಮುಟ್ಟಿದರೆ ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಹೊಂದೋದಿಲ್ಲ. ವರ್ಷದ ವರದಿ ಕೆಡುತ್ತೆ."

"ಸರ್, ಎಂಟು ದಿನದಲ್ಲಿ ನೀರು ಹೋಗದಿದ್ದರೆ ಇಡೀ ಊರಿಗೆ ವರ್ಷದ ರೊಟ್ಟಿ ಇಲ್ಲ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲ್ಲೊಂದು ಗೆರೆ ಏರುತ್ತಿತ್ತು. ಜೋಡಬೇವನಾಳ ಪಾಳಿಯಿಂದ ಬಿಟ್ಟುಹೋದ ಮೇಲೆ ಅದರ ಪಾಲಿನ ನೀರು ಪೈಪಿನ ತಲೆಯ ಕಡೆಯ ಹೊಲಗಳಿಗೆ ಹೋಗುತ್ತಿತ್ತು. ಅವು ಮೊದಲೇ ಒಳ್ಳೆಯ ಹೊಲಗಳು. ಹಾಗಾಗಿ ಒಂದು ಹನಿಗೆ ಎಷ್ಟು ಕಾಳು ಎಂಬ ಸರಾಸರಿ ಮೇಲೇರಿತ್ತು.

"ನೋಡಿ, ಒಟ್ಟಾರೆ ಇಳುವರಿ ಹೆಚ್ಚಾಗ್ತಿದೆ," ಎಂದರು.

ನನಗೆ ಆಗ ಬಂದ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಯಾರಿಗೆ ಏನು ಕಡಿಮೆಯಿದೆ ಎಂದು ಹುಡುಕಿ ಕೊಡಲಿಕ್ಕೆ ನಾವು ಗೂಟ ಮಾಡಿದ್ದೆವು. ಈ ಮನುಷ್ಯ ಅದೇ ಗೂಟದಿಂದ ಯಾರಿಗೆ ಕೊಡದಿದ್ದರೆ ಲೆಕ್ಕ ಚೆಂದ ಕಾಣುತ್ತದೆ ಎಂದು ಹುಡುಕುತ್ತಿದ್ದ. ಹಸಿದವನ ಹೊಟ್ಟೆ ಅಳೆದು, ಇವನ ಹೊಟ್ಟೆ ಸರಿಯಿಲ್ಲ, ಅನ್ನ ಕೊಡಬೇಡಿ ಎಂದ ಹಾಗೆ. ಹಾಳೆಯನ್ನು ಅವರ ಮೇಜಿನ ಮೇಲೆ ಬಿಸಾಡಿ ಬಂದೆ.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮುಂದಿನದೇ ಸಾಕ್ಷಿ. ಗೂಟ ಮುಟ್ಟಬಾರದು ಎಂಬ ನಿಯಮವಿತ್ತು. ಗೂಟದ ಬುಡಕ್ಕೆ ನೀರು ಹಾಕಬಾರದು ಎಂಬ ನಿಯಮವಿರಲಿಲ್ಲ. ಆಯಿಗೆ ಫೋನ್ ಮಾಡಿ ಹೇಳಿದೆ, ಎಲ್ಲ ಗೂಟದ ಬುಡ ತೊಳೆಯಿರಿ, ಉಪ್ಪು ಕೆಳಗೆ ಇಳಿದುಹೋಗಲಿ ಎಂದು. ಉಪ್ಪು ಇಳಿದರೆ ಹಳೆಯ ಕೊರತೆ ತಾನಾಗಿ ಮೇಲೆ ಬರುತ್ತದೆ ಎಂದುಕೊಂಡಿದ್ದೆ.

ಊರಿಗೆ ಕುಡಿಯುವ ನೀರು ಬರುವುದೇ ದಿನ ಬಿಟ್ಟು ದಿನ. ಆ ನೀರನ್ನೇ ಹೊತ್ತರು. ಮನೆಮನೆಯ ಹೆಂಗಸರು ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಇಟ್ಟುಕೊಂಡು ಎರಡು ದಿನ ಗೂಟಗಳಿಗೆ ಸುರಿದರು. ಒಬ್ಬೊಬ್ಬರು ಸ್ನಾನ ಬಿಟ್ಟರು. ಆಯಿಯ ಮಗಳು ಗಂಗವ್ವ ಫೋನಿನಲ್ಲಿ, "ಬಾಯಾರ, ದನಕ್ಕ ತೋರಿಸೋ ನೀರೂ ಹಾಕೀವ್ರಿ," ಎಂದಳು.

ನಾನು ಪರದೆಯ ಮುಂದೆ ಕೂತಿದ್ದೆ. ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಬಿಳಿ ಚೌಕಗಳು ಬಣ್ಣ ಬದಲಿಸಿದವು. ನೀಲಿ ಬರಲೆಂದು ಕಾದೆ. ಬಂದದ್ದು ಹಸಿರು. ಹಸಿರು ಎಂದರೆ ಏನೂ ಕೊರತೆಯಿಲ್ಲ ಎಂದರ್ಥ. ಉಪ್ಪಿಲ್ಲ, ನೀರು ಬೇಕಾದಷ್ಟಿದೆ. ಬುಡಕ್ಕೆ ಕೊಡಗಟ್ಟಲೆ ಸುರಿದರೆ ಗೂಟ ಬೇರೇನು ಹೇಳುತ್ತದೆ? ಮಣ್ಣು ಓದಿದವಳಿಗೆ ಇಷ್ಟು ತಿಳಿಯಲಿಲ್ಲ. ಆ ಊರಿನವರ ಬಾಯಿಂದ ಕಿತ್ತು ಗೂಟಕ್ಕೆ ಕುಡಿಸಿದ ನೀರು ಆರಬೇಕಾದರೆ ಎರಡು ವಾರ ಬೇಕಿತ್ತು. ಜೋಳಕ್ಕೆ ಉಳಿದದ್ದು ಮೂರು ದಿನ.

ಸತ್ಯವ್ರತರು ಬಂದು ನೋಡಿದರು. "ಒಳ್ಳೆಯದಾಯ್ತಲ್ಲ," ಎಂದರು. "ಈಗ ನಿಮ್ಮ ಊರಿಗೆ ಏನೂ ಕೊರತೆಯಿಲ್ಲ."

ಉತ್ತರ ಕೊಟ್ಟಿದ್ದರೆ ಕೈಯಿಂದ ಕೊಡಬೇಕಾಗುತ್ತಿತ್ತು. ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ.

ಗೂಟ ಕಿತ್ತರೆ ಅದು ತಾನೇ ಬೀಗ ಹಾಕಿಕೊಂಡು ಅಳೆಯುವುದನ್ನು ನಿಲ್ಲಿಸುತ್ತದೆ. ಬೀಗ ತೆರೆಯುವುದು ನೆಟ್ಟ ಅಧಿಕಾರಿಯ ಹೆಬ್ಬೆರಳಿಗೆ ಮಾತ್ರ, ರಿಪೇರಿಗೆಂದು. ಜೋಡಬೇವನಾಳದ ಇನ್ನೂರಾ ಹನ್ನೆರಡಕ್ಕೂ ನನ್ನ ಹೆಬ್ಬೆರಳೇ. ಊರ ಮುಂದೆ ಇಳಿದಾಗ ಎಲ್ಲರನ್ನೂ ಕಟ್ಟೆಗೆ ಕರೆದೆ. ಅದೇ ಕಟ್ಟೆ. ಈ ಸಲ ಧ್ವನಿವರ್ಧಕ ಹಿಡಿಯಲಿಲ್ಲ.

"ತಪ್ಪು ನಂದು," ಎಂದೆ. "ನಿಮ್ಮ ಪೂಜಿದಲ್ಲ. ಗೂಟಾ ಕಿತ್ತು, ತೊಳದು, ಹೊಲದ ನಡುವ ಒಣಾ ಮಣ್ಣಾಗ ನೆಡೋಣ. ಅದು ಅಲ್ಲಿ ಖರೇ ಹೇಳತೈತಿ. ನನ್ನ ನೌಕರಿ ಹೋಗತೈತಿ, ಹೋಗ್ಲಿ."

ಒಬ್ಬರೂ ಬೇಡ ಎನ್ನಲಿಲ್ಲ, ನೌಕರಿಯ ಬಗ್ಗೆ ಅಯ್ಯೋ ಎನ್ನಲೂ ಇಲ್ಲ. ಹಾರೆ, ಸಲಿಕೆ ಹಿಡಿದು ಹೊರಟರು. ಮುಂದೆ ಹೋದವರು ಕುಣಿ ತೋಡುತ್ತಿದ್ದರು. ನಾನು ಹೆಬ್ಬೆರಳು ಒತ್ತುತ್ತಿದ್ದೆ. ಹಿಂದಿನವರು ಗೂಟ ಎತ್ತಿ, ಒರೆಸಿ, ನೆಟ್ಟು, ಒಣ ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದರು. ಐದು ಕಲ್ಲುಗಳನ್ನು ಮಾತ್ರ ಯಾರೂ ದಾಟಲಿಲ್ಲ. ಎತ್ತಿ ಕಣ್ಣಿಗೊತ್ತಿಕೊಂಡು ಬನ್ನಿಗಿಡದ ಕೆಳಗೆ ಮತ್ತೆ ಇಟ್ಟು ಬಂದರು. ಹೊತ್ತು ಮುಳುಗುವ ಹೊತ್ತಿಗೆ ಎಂಬತ್ತು ಗೂಟ ಆಗಿದ್ದವು. ಮರುದಿನ ಬೆಳಕು ಹರಿಯುತ್ತಲೇ ಮತ್ತೆ ಸುರು.

ಆಯಿಯ ಹೊಲ ಊರಿಗೆ ಹತ್ತಿರವೇ. ಎರಡು ಸಲ ಅದರ ಪಕ್ಕ ಹಾದೆವು. ಎರಡು ಸಲವೂ ಅವಳು ನನ್ನ ಕೈ ಹಿಡಿದು ಮುಂದಕ್ಕೆ ದೂಡಿದಳು.

"ಮದಲ ಉಪ್ಪಿಟ್ಟಾಕಿ ನಾನು. ನಂದು ಕಡೀಕ," ಎಂದಳು.

"ಆಯಿ, ಹೊತ್ತಿಲ್ಲ. ನಡುವ ಯಾವಾಗರೆ ಕಚೇರಿಯವರಿಗೆ ಗೊತ್ತಾಗತೈತಿ."

"ಅದಕ್ಕ ಅಂದೆ, ನಡಿ ಮುಂದ."

ಮಧ್ಯಾಹ್ನ ಮೂರೂವರೆಗೆ ನೂರಾ ಮೂವತ್ತೆರಡನೆಯ ಗೂಟಕ್ಕೆ ಬೆರಳು ಒತ್ತಿದೆ. ಕೆಂಪು ದೀಪ ಬಂತು. ಬೆರಳು ಒರೆಸಿ ಒತ್ತಿದೆ. ಮತ್ತೆ ಕೆಂಪು. ನನ್ನ ಹೆಬ್ಬೆರಳನ್ನು ಕಚೇರಿಯಲ್ಲಿ ಕೂತು ರದ್ದು ಮಾಡಿದ್ದರು. ಎಂಬತ್ತೊಂದು ಹೊಲ ಉಳಿದುಹೋದವು, ಆಯಿಯದೂ ಅದರಲ್ಲಿ ಒಂದು. ನಾನು ಒಡ್ಡಿನ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಒಂಬತ್ತು ವರ್ಷ ದುಡಿದ ಮೇಲೆ ನನ್ನದೇ ಬೆರಳು ನನ್ನದಲ್ಲ ಎಂದರೆ ಹೇಗಾಗಬೇಡ.

ಆದರೆ ಸರಿಸಿದ ನೂರಾ ಮೂವತ್ತೊಂದು ಗೂಟಗಳು ಒಣ ಮಣ್ಣಿನಲ್ಲಿ ನಿಂತು ನಿಜ ಹೇಳಿದವು. ನಿರ್ದೇಶಕರು ನನ್ನ ಬೆರಳನ್ನು ರದ್ದು ಮಾಡಬಹುದಿತ್ತು, ಗಣಕದ ತೀರ್ಪನ್ನು ರದ್ದು ಮಾಡುವ ಹಾಗಿರಲಿಲ್ಲ. ಅದೂ ಅವರದೇ ನಿಯಮ. ಎಂಟನೆಯ ದಿನ ಬೆಳಗ್ಗೆ ವಾಲ್‌ಗಳು ತೆರೆದವು. ಬಿರುಕುಗಳು ನೀರು ನುಂಗುವ ಸದ್ದು ಕೇಳುತ್ತ ನಾನು ಆಯಿಯ ಒಣಹೊಲದಲ್ಲಿ ನಿಂತಿದ್ದೆ. ಜೋಳದ ಗರಿ ಸುರುಳಿಯಾಗಿ ತಿರುಚಿಕೊಂಡಿತ್ತು. ತೆನೆ ಹಿಚುಕಿದರೆ ಹಾಲಿನ ಬದಲು ಅಂಟು.

ಪಕ್ಕದ ಹೊಲದ ಮಾಳಪ್ಪ ಸಲಿಕೆ ಹಿಡಿದು ಬಂದ. ನಲವತ್ತರ ಆಸುಪಾಸಿನ, ಹೆಚ್ಚು ಮಾತಾಡದ ಮನುಷ್ಯ. ನೀರು ಅವನ ಹೊಲದ ಅರ್ಧಕ್ಕೆ ಬಂದಿತ್ತಷ್ಟೇ. ತನ್ನ ಹೊಲಕ್ಕೂ ಆಯಿಯ ಹೊಲಕ್ಕೂ ನಡುವಿನ ಒಡ್ಡನ್ನು ಕಡಿಯಲು ಹತ್ತಿದ.

"ಮಾಳ್ಯಾ, ನಿನ್ನ ಹೊಲಕ್ಕ ಸಾಲಂಗಿಲ್ಲೋ," ಎಂದಳು ಆಯಿ.

"ಅರ್ಧ ರೊಟ್ಟಿ ಇಬ್ಬರಿಗೂ ಆಗತೈತಿ ಬಿಡು, ಆಯಿ."

ಹೊತ್ತೇರುವುದರೊಳಗೆ ಊರಿನ ಒಡ್ಡುಗಳೆಲ್ಲ ಅಲ್ಲಲ್ಲಿ ಕಡಿದುಹೋಗಿದ್ದವು. ನೂರಾ ಮೂವತ್ತೊಂದು ಹೊಲದ ನೀರನ್ನು ಇನ್ನೂರಾ ಹನ್ನೆರಡು ಹೊಲ ಕುಡಿದವು. ಯಾರೂ ಸಭೆ ಸೇರಲಿಲ್ಲ, ಯಾರೂ ಲೆಕ್ಕ ಬರೆಯಲಿಲ್ಲ. ಆ ವರ್ಷ ಹಗೇವು ತುಂಬಲಿಲ್ಲ ನಿಜ, ಆದರೆ ಯಾರ ತವೆಯೂ ಖಾಲಿ ಇರಲಿಲ್ಲ. ಹಸಿ ತೆನೆಯ ಸೀತನಿ ಸುಟ್ಟಾಗ ನನಗೂ ಕರೆ ಬಂತು. ಅಷ್ಟೊತ್ತಿಗೆ ನಾನು ಅಮಾನತ್ತಿನಲ್ಲಿದ್ದೆ, ಹೋಗಲು ಬೇಕಾದಷ್ಟು ಬಿಡುವಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಸುಗ್ಗಿಯ ಮೇಲೆ ಆಕಾಶದಿಂದ ತೆಗೆದ ಚಿತ್ರ ನೋಡಿ ಗಣಕ ಇಳುವರಿ ಲೆಕ್ಕ ಹಾಕಿತು. ಜೋಡಬೇವನಾಳದಲ್ಲಿ ನೀರು ಪಡೆದ ಹೊಲಗಳಿಗೆ ಎಕರೆಗೆ ಆರು ಚೀಲ. ಅದರ ಲೆಕ್ಕದಲ್ಲಿ ಒಂದು ಹನಿ ನೀರೂ ಪಡೆಯದ ಎಂಬತ್ತೊಂದು ಹೊಲಗಳಿಗೆ ಐದೂವರೆ. ಎರಡಕ್ಕೂ ನಡುವೆ ಇರುವುದು ಅರ್ಧ ಚೀಲ. ಇದರಿಂದ ಗಣಕ ಏನು ಕಲಿಯಿತು ಗೊತ್ತೇ? ಈ ಊರಿನ ಜೋಳಕ್ಕೆ ನೀರು ಕೊರತೆಯೇ ಅಲ್ಲ ಎಂದು. ಸತ್ಯವ್ರತರು ಅದರ ಮೇಲೆ ಒಂದು ಪ್ರಬಂಧ ಬರೆದು ಎಲ್ಲೋ ಓದಿಯೂ ಬಂದರು. ಮುಂದಿನ ಹಿಂಗಾರಿಗೆ ಜೋಡಬೇವನಾಳದ ಇನ್ನೂರಾ ಹನ್ನೆರಡು ಹೊಲಗಳ ಪಾಲು ಸೊನ್ನೆ.

ನಾನು ನಾಲ್ಕು ಪುಟ ಬರೆದೆ. ಒಡ್ಡು ಕಡಿದದ್ದು, ನೀರು ಹಂಚಿಕೊಂಡದ್ದು, ಯಾವ ಹೊಲದಿಂದ ಯಾವ ಹೊಲಕ್ಕೆ ಎಂಬುದು, ಎಲ್ಲ. ಮೂರು ವಾರದ ಮೇಲೆ ಉತ್ತರ ಬಂತು. ಒಡ್ಡು ದಾಟಿ ಬಂದ ನೀರಿಗೆ ನಮೂನೆಯಲ್ಲಿ ಕಾಲಂ ಇಲ್ಲ, ಆದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲಾಗುವುದಿಲ್ಲ. ಕೆಳಗೆ ಸತ್ಯವ್ರತರ ಚೆಂದದ ಸಹಿ. ಆ ಕಾಗದವನ್ನು ನಾನು ಹರಿಯಲಿಲ್ಲ. ಮಡಿಚಿ ಇಟ್ಟುಕೊಂಡೆ.

ಮತ್ತೆ ಎಳ್ಳಮವಾಸ್ಯೆ ಬಂತು. ಈ ಸಲ ಕರೆದಾಗ ಹೋದೆ. ಚಳಿಗಾಲ ಎಂಬುದು ಹೆಸರಿಗಷ್ಟೇ, ಬೆಳಗಿನ ಒಂಬತ್ತಕ್ಕೇ ಬೆನ್ನು ಬೆವರುತ್ತಿತ್ತು. ಜೋಳ ತೆನೆ ಬಿಚ್ಚಿ ನಿಂತಿತ್ತು, ಹಾಲು ತುಂಬುವ ಹೊತ್ತು. ನೆಲ ಬಿರಿದಿತ್ತು. ಪಾಂಡವರು ಬನ್ನಿಗಿಡದ ಕೆಳಗೆ ಇದ್ದರು. ಗಂಗವ್ವ ಅಂಬಲಿಯ ಗಡಿಗೆ ಹಿಡಿದು ಹುಲ್ಲುಲ್ಲಿಗೋ ಎಂದು ಚರಗ ಚೆಲ್ಲುತ್ತ ಹೊಲ ಸುತ್ತಿದಳು. ಆಯಿಯ ಹೊಲದ ಗೂಟ ಇನ್ನೂ ಹಳೆಯ ಮೂಲೆಯಲ್ಲೇ ಇತ್ತು. ಅವಳು ಅಲ್ಲಿಗೆ ಬಂದಾಗ ಗಡಿಗೆಯನ್ನು ಇನ್ನೊಂದು ಟೊಂಕಕ್ಕೆ ಬದಲಿಸಿ, ಗೂಟಕ್ಕೆ ಒಂದು ಹನಿಯೂ ಚೆಲ್ಲದೆ ಮುಂದೆ ಹೋದಳು.

ಎಲೆ ಹಾಕಿದರು. ಅಕ್ಕಪಕ್ಕದ ಹೊಲದವರೂ ಬುತ್ತಿ ಹಿಡಿದು ಬಂದು ಕೂತರು. ಆಯಿ ಉಪ್ಪಿನ ಬಟ್ಟಲು ತಂದಳು. ಮೊದಲು ನನ್ನ ಎಲೆಗೆ ಬಡಿಸಿದಳು, ಚಿಟಿಕೆಯಲ್ಲ, ಹಿಡಿ.

"ಇಷ್ಟ್ಯಾಕ, ಆಯಿ?"

"ಹೋದ ವರ್ಷ ತಪ್ಪಿ ಆ ಗೂಟಕ್ಕ ಇಟ್ಟಿದ್ದೆ. ಸುಮ್ಮ ಉಣ್ಣು."

ಕಡಬನ್ನು ಆ ಉಪ್ಪಿಗೆ ಒತ್ತಿ ತಿಂದೆ. ಮಜ್ಜಿಗೆ ಕುಡಿದು ಇಳಿಸಿದೆ. ಯಾರೂ ನೀರಿನ ಮಾತು ಎತ್ತಲಿಲ್ಲ. ಹಬ್ಬದ ಊಟದಲ್ಲಿ ಅದನ್ನು ಎತ್ತಬಾರದು ಎಂದು ಮೊದಲೇ ಮಾತಾಡಿಕೊಂಡ ಹಾಗಿತ್ತು. ಉಂಡ ಮೇಲೆ ಕೈ ತೊಳೆದು, ಎಲೆ ತೆಗೆದು, ಗಂಡಸರು ಹಾರೆ ಎತ್ತಿಕೊಂಡರು. ಹೆಂಗಸರು ಸೆರಗು ಕಟ್ಟಿದರು. ಮಾಳಪ್ಪ ನನ್ನ ಮುಂದೆ ಬಂದು ನಿಂತ.

"ಬಾಯಾರ, ಪೈಪಿನ ದೊಡ್ಡ ವಾಲ್ ಎಲ್ಲೈತಿ ಅನ್ನೋದು ನಿಮಗ ಗೊತ್ತಿರಬೇಕಲ್ರಿ."

ಗೊತ್ತಿತ್ತು. ನಕ್ಷೆ ಬರೆದವಳು ನಾನೇ. ಊರ ಹೊರಗಿನ ಸಿಮೆಂಟಿನ ಕೋಣೆಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ, ಕರೆಂಟು ಹೋದಾಗ ಇರಲಿ ಎಂದು ಇಟ್ಟ, ಇಡೀ ಊರಿಗೆ ನೀರು ಬಿಡುವ ಕೈಚಕ್ರ. ಅದಕ್ಕೆ ಯಾರ ಹೆಬ್ಬೆರಳೂ ಬೇಕಾಗಿಲ್ಲ.

"ಅಲ್ಲಿ ಕ್ಯಾಮೆರಾ ಐತಿ," ಎಂದೆ. "ಎಲ್ಲಾರ ಮಾರಿ ಕಚೇರ್ಯಾಗ ಕಾಣತೈತಿ. ಯಾರಿಗರೆ ಅಂಜಿಕಿ ಇದ್ದರ ಟಾವೆಲ್ ಸುತ್ತಿಕೊಳ್ರಿ."

ಒಬ್ಬಿಬ್ಬರು ಹೆಗಲ ಮೇಲಿನ ಟಾವೆಲಿಗೆ ಕೈ ಹಾಕಿದರು. ಆಯಿ ಸೆರಗು ಹಿಂದಕ್ಕೆ ಸರಿಸಿ ಎಲ್ಲರಿಗಿಂತ ಮುಂದೆ ನಡೆದಳು.

"ಯಾಕ ಸುತ್ತಿಕೋಬೇಕು?" ಎಂದಳು. "ನಮ್ಮ ಹೊಲಾ ನೋಡಾಕ ಬರಲಿಲ್ಲ ಅವರು. ನಮ್ಮ ಮಾರಿಯರೆ ನೋಡ್ಲಿ."

ಮುಚ್ಚಳ ಎತ್ತಲು ನಾಲ್ಕು ಹಾರೆ ಬೇಕಾದವು. ನಾನು ಕೆಳಗಿಳಿದು ಚಕ್ರ ಹಿಡಿದೆ. ತೆರೆಯುವಾಗ ಅದು ಎಡಕ್ಕೆ ತಿರುಗುತ್ತದೆ.